ಕಿಂಡಿಯ ಅಳತೆ, ಕಾಳಿನ ಪಾಲು: ಪೋರ್ಟಲ್ ಮರುಭೂಮಿಯ ಇಲಿಗಳ ಪ್ರಕರಣ ಅಧ್ಯಯನ

ಒಂದೇ ಪೊದೆಯ ಬುಡದಲ್ಲಿ, ಒಂದೇ ರಾತ್ರಿ, 43 ಗ್ರಾಂ ತೂಗುವ ಇಲಿಯೂ 8 ಗ್ರಾಂ ತೂಗುವ ಇಲಿಯೂ ಒಂದೇ ಹುಲ್ಲಿನ ಬೀಜ ಹೆಕ್ಕುತ್ತವೆ. ದೊಡ್ಡದು ಚಿಕ್ಕದರ ಪಾಲನ್ನು ಕಸಿಯುತ್ತಿದೆಯೋ, ಇಬ್ಬರಿಗೂ ಸಾಲುವಷ್ಟು ಕಾಳು ಬಿದ್ದಿದೆಯೋ? ಎಷ್ಟು ವರ್ಷ ಕೂತು ನೋಡಿದರೂ ಇದಕ್ಕೆ ಉತ್ತರ ಸಿಗದು. ಚಿಕ್ಕ ಇಲಿ ಇಂದು ಕಡಿಮೆ ಇರುವುದು ದೊಡ್ಡದರ ಕಾಟದಿಂದ ಇರಬಹುದು, ಗೂಬೆಯ ಕಾಟದಿಂದ ಇರಬಹುದು, ಆ ವರ್ಷ ಮಳೆ ಕೈಕೊಟ್ಟದ್ದರಿಂದಲೂ ಇರಬಹುದು. ದೊಡ್ಡದನ್ನು ತೆಗೆದು, ಉಳಿದದ್ದನ್ನೆಲ್ಲ ಇದ್ದ ಹಾಗೇ ಬಿಟ್ಟು ನೋಡಬೇಕು. ಅಮೆರಿಕದ ಅರಿಜೋನಾ ರಾಜ್ಯದ ಆಗ್ನೇಯ ಮೂಲೆಯಲ್ಲಿ, ಪೋರ್ಟಲ್ ಎಂಬ ಪುಟ್ಟ ಊರಿನ ಬಳಿ, 1977ರಿಂದ ನಡೆದುಬಂದಿರುವ ಕೆಲಸ ಇದೇ.

ಜಾಗ ಸ್ಯಾನ್ ಸೈಮನ್ ಕಣಿವೆಯ ಕುರುಚಲು ನೆಲ, ಚಿಹುವಾಹುವನ್ ಮರುಭೂಮಿಯ ಒಂದು ಅಂಚು. ಸರ್ಕಾರಿ ಹುಲ್ಲುಗಾವಲಿನಲ್ಲಿ 20 ಹೆಕ್ಟೇರ್, ನಮ್ಮ ಲೆಕ್ಕದಲ್ಲಿ ಐವತ್ತು ಎಕರೆಯಷ್ಟನ್ನು, ದನ ನುಗ್ಗದಂತೆ ಬೇಲಿ ಹಾಕಿ ಪ್ರತ್ಯೇಕಿಸಿದರು. ಕೆಲಸ ಆರಂಭಿಸಿದವರು ಪರಿಸರ ವಿಜ್ಞಾನಿ ಜೇಮ್ಸ್ ಬ್ರೌನ್ ಮತ್ತು ಸಂಗಡಿಗರು. ಮುಂದೆ ಅದನ್ನು ಮಾರ್ಗನ್ ಅರ್ನೆಸ್ಟ್ ಮುನ್ನಡೆಸಿದರು. ಅಲ್ಲಿ ವರ್ಷಕ್ಕೆ ಎರಡು ಮಳೆ: ಚಳಿಗಾಲದ್ದೊಂದು, ಜುಲೈನಿಂದ ಸೆಪ್ಟೆಂಬರ್‌ವರೆಗಿನದ್ದೊಂದು. ಎರಡನೆಯದನ್ನು ಅಲ್ಲಿಯವರೂ ಮಾನ್ಸೂನ್ ಎಂದೇ ಕರೆಯುತ್ತಾರೆ. ಎರಡು ಮಳೆಗೆ ಎರಡು ಬೇರೆ ಬೇರೆ ಗಿಡಗಳ ಗುಂಪು ಮೊಳೆಯುತ್ತದೆ, ಬೀಜವೂ ಎರಡು ಕಂತಿನಲ್ಲಿ ನೆಲಕ್ಕೆ ಬೀಳುತ್ತದೆ. ನಡುವಿನ ತಿಂಗಳುಗಳಲ್ಲಿ ಇದ್ದ ಬೀಜದಲ್ಲೇ ಎಲ್ಲರೂ ಹೊಟ್ಟೆ ಹೊರೆಯಬೇಕು.

ಯಾರ ತೂಕ ಎಷ್ಟು, ಯಾರ ಊಟ ಏನು

ಮೊದಲು ಕಾಳು ತಿನ್ನುವ ದೊಡ್ಡವರು. ಹಿಂಗಾಲಲ್ಲಿ ಚಿಮ್ಮುತ್ತ ಓಡುವ ಕಾಂಗರೂ ಇಲಿಗಳಲ್ಲಿ ಇಲ್ಲಿ ಮೂರು ಜಾತಿ. ಬಾವುಟಬಾಲದ ಕಾಂಗರೂ ಇಲಿ ಸರಾಸರಿ 120 ಗ್ರಾಂ ತೂಗುತ್ತದೆ, ಬಾಲದ ತುದಿಯಲ್ಲಿ ಬಿಳಿ ಗೊಂಡೆ. ಆರ್ಡ್ ಕಾಂಗರೂ ಇಲಿ 49 ಗ್ರಾಂ, ಮೆರಿಯಮ್ ಕಾಂಗರೂ ಇಲಿ 43 ಗ್ರಾಂ. ಕೊನೆಯ ಎರಡನ್ನು ಬರಿ ತೂಕದಿಂದ ಬೇರ್ಪಡಿಸಲು ಹೋದರೆ ಎಡವಟ್ಟು ಖಂಡಿತ. ಹಿಂಗಾಲಿನ ಬೆರಳು ಎಣಿಸಬೇಕು: ಆರ್ಡ್‌ಗೆ ಐದು, ಮೆರಿಯಮ್‌ಗೆ ನಾಲ್ಕು.

ಅವುಗಳ ಕೆಳಗೆ ಜೇಬಿಲಿಗಳು. ಕೆನ್ನೆಯ ಹೊರಬದಿಗೆ ತೆರೆದುಕೊಳ್ಳುವ ತುಪ್ಪಳದ ಚೀಲ ಇರುವುದರಿಂದ ಇವುಗಳನ್ನು ಇಲ್ಲಿ ಹಾಗೆ ಕರೆಯೋಣ. ಚೀಲ ಕಾಂಗರೂ ಇಲಿಗಳಿಗೂ ಉಂಟು, ಎರಡೂ ಒಂದೇ ಕುಟುಂಬ. ರೇಷ್ಮೆ ಜೇಬಿಲಿ ಸುಮಾರು 8 ಗ್ರಾಂ, ಮರುಭೂಮಿ ಜೇಬಿಲಿ 17 ಗ್ರಾಂ. ಬೇರೆ ಕುಟುಂಬದ ಸುಗ್ಗಿ ಇಲಿ 10–11 ಗ್ರಾಂ. ಕಳ್ಳಿ ಇಲಿ ಮತ್ತು ಜಿಂಕೆ ಇಲಿ ಎರಡೂ 21 ಗ್ರಾಂ ಆಸುಪಾಸು. ಇವೆಲ್ಲ ಬಹುಮಟ್ಟಿಗೆ ಕಾಳು ತಿಂದೇ ಬದುಕುವವು.

ಇನ್ನು ಮಿಡತೆ ಇಲಿಗಳದು ಬೇರೆಯೇ ಜಾತಕ. ದಕ್ಷಿಣದ್ದು 24 ಗ್ರಾಂ, ಉತ್ತರದ್ದು 32 ಗ್ರಾಂ. ಮಿಡತೆ, ಜೀರುಂಡೆ, ಚೇಳು ಇವುಗಳ ಮುಖ್ಯ ಊಟ. ಅವಕಾಶ ಸಿಕ್ಕರೆ ಚಿಕ್ಕ ಇಲಿಯನ್ನೂ ಕೊಂದು ತಿನ್ನುತ್ತವೆ. ತೊಗಟೆಚೇಳು ಕುಟುಕಿದರೂ ದಕ್ಷಿಣದ ಮಿಡತೆ ಇಲಿ ಹೆಚ್ಚು ನೋವು ತೋರದು. ಆ ವಿಷವೇ ಅದರ ನರದ ಸೋಡಿಯಂ ಕಾಲುವೆಯೊಂದನ್ನು ಕಟ್ಟಿ ನೋವಿನ ಸಂಕೇತ ಹೋಗದಂತೆ ತಡೆಯುತ್ತದೆ ಎಂದು 2013ರಲ್ಲಿ ತೋರಿಸಲಾಯಿತು. ಹಿಂಗಾಲ ಮೇಲೆ ನಿಂತು, ಮೂತಿ ಮೇಲೆತ್ತಿ, ತೋಳದ ಹಾಗೆ ಊಳಿಡುವ ಇಲಿಯೂ ಇದೇ. ಪ್ರಯೋಗದಲ್ಲಿ ಇದರ ಪಾತ್ರ ಬೇರೆ, ಮುಂದೆ ಬರುತ್ತದೆ.

ಬೇಲಿ ಎಂಬ ಜರಡಿ

ಐವತ್ತು ಎಕರೆಯೊಳಗೆ 24 ಚೌಕ. ಪ್ರತಿಯೊಂದೂ 50 ಮೀಟರ್ ಉದ್ದ, 50 ಮೀಟರ್ ಅಗಲ. ಅಂದರೆ ಕಾಲು ಹೆಕ್ಟೇರ್, ಇಪ್ಪತ್ತೈದು ಗುಂಟೆಗೆ ಕೂದಲೆಳೆ ಕಡಿಮೆ. ಪ್ರತಿ ಚೌಕದ ಸುತ್ತ ಆರು ಮಿಲಿಮೀಟರ್ ಕಣ್ಣಿನ ತಂತಿಜಾಲರಿ. ನೆಲದ ಮೇಲೆ ಸುಮಾರು 60 ಸೆಂಟಿಮೀಟರ್, ತೋಡಿಕೊಂಡು ಹೋಗದಂತೆ ನೆಲದೊಳಗೆ ಸುಮಾರು 20 ಸೆಂಟಿಮೀಟರ್. ಮೇಲಂಚಿಗೆ ನುಣುಪಾದ ಅಲ್ಯೂಮಿನಿಯಂ ತಗಡು. ಜಾಲರಿಯನ್ನು ಇಲಿ ಏಣಿಯಂತೆ ಹತ್ತುತ್ತದೆ, ತಗಡಿನ ಮೇಲೆ ಉಗುರು ನಿಲ್ಲದು.

ಜಾಣತನ ಇರುವುದು ಕಿಂಡಿಯಲ್ಲಿ. ನೆಲಮಟ್ಟದಲ್ಲಿ ಪ್ರತಿ ಚೌಕಕ್ಕೆ 16 ಕಿಂಡಿ. ಎಲ್ಲರನ್ನೂ ಬಿಡುವ ಮುಕ್ತ ಚೌಕಗಳಲ್ಲಿ ಕಿಂಡಿ 3.7 × 5.7 ಸೆಂಟಿಮೀಟರ್. ಕಾಂಗರೂ ಇಲಿಗಳನ್ನು ತಡೆಯುವ ಚೌಕಗಳಲ್ಲಿ 1.9 × 1.9. ಈ ಚಿಕ್ಕ ಕಿಂಡಿಯಲ್ಲಿ ಜೇಬಿಲಿ, ಸುಗ್ಗಿ ಇಲಿ, ಮಿಡತೆ ಇಲಿ ಎಲ್ಲ ನುಸುಳುತ್ತವೆ. ಕಾಂಗರೂ ಇಲಿಯ ದೊಡ್ಡ ತಲೆ ಮಾತ್ರ ಸಿಕ್ಕಿಕೊಳ್ಳುತ್ತದೆ. ಆರಂಭದಲ್ಲಿ ಬಾವುಟಬಾಲದ ಇಲಿಯೊಂದನ್ನೇ ತಡೆದು ಉಳಿದೆರಡು ಕಾಂಗರೂ ಇಲಿಗಳನ್ನು ಬಿಡುವ ನಡು ಅಳತೆಯ ಕಿಂಡಿಗಳೂ ಇದ್ದವು. ಕಿಂಡಿಯೇ ಇಲ್ಲದೆ ಯಾವ ಇಲಿಯನ್ನೂ ಬಿಡದ ಚೌಕಗಳೂ ಇದ್ದವು. ರಾಗಿ, ನವಣೆ, ಸಾಸಿವೆಗೆ ಬೇರೆ ಬೇರೆ ಜರಡಿ ಹಿಡಿದ ಹಾಗೆ.

ಮುಕ್ತ ಚೌಕಕ್ಕೂ ಇಷ್ಟು ಖರ್ಚಿನ ಬೇಲಿ ಏಕೆ, ಎಲ್ಲರನ್ನೂ ಬಿಡುವುದಾದರೆ ಬಯಲೇ ಸಾಕಲ್ಲ ಎನ್ನಿಸಬಹುದು. ಸಾಲದು. ಬೇಲಿ ಗಾಳಿಯನ್ನು ತಡೆಯುತ್ತದೆ, ತರಗೆಲೆ ಮತ್ತು ಬೀಜವನ್ನು ಬುಡದಲ್ಲಿ ಗುಡ್ಡೆ ಹಾಕುತ್ತದೆ, ಹಾವಿಗೂ ಸ್ವಲ್ಪ ಅಡ್ಡಿಯಾಗುತ್ತದೆ. ಒಂದು ಕಡೆ ಬೇಲಿ ಇದ್ದು ಇನ್ನೊಂದು ಕಡೆ ಇಲ್ಲದಿದ್ದರೆ, ಮುಂದೆ ಕಾಣುವ ವ್ಯತ್ಯಾಸ ಕಾಂಗರೂ ಇಲಿಯದೋ ಬೇಲಿಯದೋ ಹೇಳಲಾಗದು. ಎಲ್ಲ ಚೌಕಕ್ಕೂ ಒಂದೇ ಬೇಲಿ, ಕಿಂಡಿ ಇರುವ ಚೌಕಗಳಿಗೆಲ್ಲ ಒಂದೇ ಸಂಖ್ಯೆಯ ಕಿಂಡಿ ಇಟ್ಟು ಕಿಂಡಿಯ ಅಳತೆಯೊಂದನ್ನೇ ಬದಲಿಸಿದ್ದರಿಂದ ಈ ಪ್ರಶ್ನೆ ಏಳಲಿಲ್ಲ. ಇಡೀ ಪ್ರಯೋಗದಲ್ಲಿ ಮೆಚ್ಚಬೇಕಾದ ಒಂದೇ ಸಂಗತಿ ಹೇಳಿ ಎಂದರೆ ಇದನ್ನೇ ಹೇಳಬೇಕು.

ಅಮಾವಾಸ್ಯೆಯ ಬೋನು

ಎಣಿಕೆ ತಿಂಗಳಿಗೊಮ್ಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ. ಕಾರಣ ಗೂಬೆ. ಬೆಳದಿಂಗಳಲ್ಲಿ ಬಯಲಿಗೆ ಬಂದ ಇಲಿ ಗೂಬೆಯ ಕಣ್ಣಿಗೆ ಬೀಳುತ್ತದೆ. ಆದ್ದರಿಂದ ಹುಣ್ಣಿಮೆಯ ಹತ್ತಿರ ಇಲಿಗಳು ಓಡಾಟ ಕಡಿಮೆ ಮಾಡಿ ಪೊದೆಯಡಿಯೇ ಇರುತ್ತವೆ. ಒಂದು ತಿಂಗಳು ಹುಣ್ಣಿಮೆಗೆ, ಇನ್ನೊಂದು ತಿಂಗಳು ಅಮಾವಾಸ್ಯೆಗೆ ಬೋನಿಟ್ಟರೆ ಸಂಖ್ಯೆ ಏರಿಳಿದದ್ದು ಚಂದ್ರನಿಂದಲೋ ಸಾವಿನಿಂದಲೋ ತಿಳಿಯದು.

ಪ್ರತಿ ಚೌಕದಲ್ಲಿ ಏಳು ಸಾಲು, ಸಾಲಿಗೆ ಏಳು ಬೋನು, ಒಟ್ಟು 49. ಬೋನಿಂದ ಬೋನಿಗೆ ಆರೂವರೆ ಮೀಟರ್. ಮಡಚುವ ಶೆರ್ಮನ್ ಬೋನು: ತಗಡಿನ ಪೆಟ್ಟಿಗೆ, ಒಳಗೆ ತುಳಿದರೆ ಬಾಗಿಲು ಬೀಳುವ ಹಲಗೆ. ಒಳಗೆ ಸಿರಿಧಾನ್ಯದ ಕಾಳು. ಸಂಜೆ ಬೋನಿಟ್ಟಾಗ ಕಿಂಡಿಗಳನ್ನು ಮುಚ್ಚುತ್ತಾರೆ. ಇಲ್ಲದಿದ್ದರೆ ಕಾಳಿನ ವಾಸನೆಗೆ ಹೊರಗಿನ ಇಲಿ ಒಳಬಂದು ಸಿಕ್ಕಿ, ಆ ಚೌಕದ ನಿವಾಸಿ ಎಂದು ಲೆಕ್ಕಕ್ಕೆ ಸೇರುತ್ತದೆ. ಬೆಳಗ್ಗೆ ಬಿಸಿಲೇರುವ ಮೊದಲೇ ಬೋನು ತೆರೆಯಬೇಕು. ತಗಡಿನ ಪೆಟ್ಟಿಗೆ ಬೇಗ ಒಲೆಯಾಗುತ್ತದೆ. ಪ್ರತಿ ಇಲಿಯ ಜಾತಿ, ಗಂಡೋ ಹೆಣ್ಣೋ, ಬಸಿರು ಅಥವಾ ಹಾಲೂಡುವ ಗುರುತು, ಹಿಂಗಾಲಿನ ಪಾದದ ಉದ್ದ, ತೂಕ ಬರೆದುಕೊಂಡು, ಗುರುತಿನ ಸಂಖ್ಯೆ ನೋಡಿ ಅಲ್ಲೇ ಬಿಡುತ್ತಾರೆ. ಆ ಸಂಖ್ಯೆ ಮೊದಮೊದಲು ಕಿವಿಯ ಲೋಹದ ಬಿಲ್ಲೆಯಲ್ಲಿರುತ್ತಿತ್ತು, ನಂತರ ಚರ್ಮದಡಿ ಇಡುವ ಪುಟ್ಟ ಎಲೆಕ್ಟ್ರಾನಿಕ್ ಚಿಪ್‌ಗೆ ಬದಲಾಯಿತು.

ಆರ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ದತ್ತಾಂಶ ವಿಶ್ಲೇಷಣೆ ಕಲಿತ ಬೆಂಗಳೂರು, ಮೈಸೂರಿನ ಎಷ್ಟೋ ವಿದ್ಯಾರ್ಥಿಗಳು ಈ ಇಲಿಗಳನ್ನು ಈಗಾಗಲೇ ಭೇಟಿಯಾಗಿರಬಹುದು. ದತ್ತಾಂಶ ನಿರ್ವಹಣೆ ಕಲಿಸುವ ಡೇಟಾ ಕಾರ್ಪೆಂಟ್ರಿ ಪಾಠಗಳಲ್ಲಿ ಬಳಸುವ 35 ಸಾವಿರಕ್ಕೂ ಹೆಚ್ಚು ಸಾಲಿನ ‘ಸರ್ವೇಸ್’ ಕಡತ ಪೋರ್ಟಲ್‌ನದೇ, 1977ರಿಂದ 2002ರವರೆಗಿನದು. ಅದರಲ್ಲಿ ‘ಡಿಎಂ’ ಎಂದರೆ ಮೆರಿಯಮ್ ಕಾಂಗರೂ ಇಲಿ, ‘ಪಿಬಿ’ ಎಂದರೆ ಬೈಲಿ ಜೇಬಿಲಿ (ಇದರ ಕಥೆ ಮುಂದೆ ಬರುತ್ತದೆ).

ಎಣಿಕೆಯಲ್ಲಿ ಜಾರುವ ಜಾಗಗಳು ಕೆಲವಿವೆ. ಚಳಿಗಾಲದಲ್ಲಿ ಜೇಬಿಲಿಗಳು ಬಿಲದಲ್ಲಿ ಮೈ ತಣ್ಣಗಾಗಿಸಿ ಜಡವಾಗಿ ಮಲಗುತ್ತವೆ, ಕಾಂಗರೂ ಇಲಿಗಳು ಮಲಗುವುದಿಲ್ಲ. ಜನವರಿಯ ಬೋನಿನಲ್ಲಿ ಜೇಬಿಲಿ ಸೊನ್ನೆ ಎಂದರೆ ಅದು ಸತ್ತಿದೆ ಎಂದಲ್ಲ. ಏಪ್ರಿಲ್‌ನಲ್ಲಿ ಅದೇ ಸಂಖ್ಯೆಯ ಇಲಿ ಮತ್ತೆ ಸಿಕ್ಕೀತು. ಎಂಟು ಗ್ರಾಂ ಇಲಿಯ ಭಾರಕ್ಕೆ ಬಿಗಿಯಾದ ಹಲಗೆ ಬೀಳದೆಯೂ ಇರಬಹುದು; ಕಾಳು ಖಾಲಿ, ಬಾಗಿಲು ತೆರೆದೇ ಇರುವ ಬೋನು ಕಂಡರೆ ಹಲಗೆಯನ್ನು ಸಡಿಲಿಸಿ ನೋಡಬೇಕು. ಬಾವುಟಬಾಲದ ಮರಿ ತೂಕದಲ್ಲಿ ಮೆರಿಯಮ್‌ನಂತೆಯೇ ಕಾಣುತ್ತದೆ, ಬಾಲದ ತುದಿ ನೋಡದವರು ಮೋಸಹೋಗುತ್ತಾರೆ. ಇನ್ನು ತಡೆದ ಚೌಕದೊಳಗೂ ಆಗೊಮ್ಮೆ ಈಗೊಮ್ಮೆ ಕಾಂಗರೂ ಇಲಿ ಸಿಕ್ಕೇ ಸಿಗುತ್ತದೆ: ಮಳೆ ನೀರು ಬೇಲಿಯಡಿ ಕೊರೆದಿರುತ್ತದೆ, ಕಿಂಡಿಯ ಅಂಚು ಸವೆದಿರುತ್ತದೆ, ಕಿಂಡಿ ಹಿಡಿಸುವಷ್ಟು ಚಿಕ್ಕ ಮರಿ ಒಳಗೆ ಬಂದು ಅಲ್ಲೇ ಬೆಳೆದಿರುತ್ತದೆ. ಸಿಕ್ಕಿದ್ದನ್ನು ಹೊರಗೆ ಸಾಗಿಸಿ ಬೇಲಿಯ ತೂತು ಹುಡುಕಬೇಕು. ಈ ಕೆಲಸ ಒಂದು ವರ್ಷ ಬಿಟ್ಟರೂ ತಡೆದ ಚೌಕ ಹೆಸರಿಗಷ್ಟೇ ತಡೆದ ಚೌಕ.

ಮೂರೂವರೆ ಪಟ್ಟು, ಆದರೆ ತಡವಾಗಿ

ಕಾಂಗರೂ ಇಲಿಗಳನ್ನು ಹೊರಗಿಟ್ಟ ಮರುದಿನವೇ ಏನೂ ಆಗಲಿಲ್ಲ. ತಿಂಗಳುಗಟ್ಟಲೆ ಎರಡೂ ಬಗೆಯ ಚೌಕಗಳಲ್ಲಿ ಚಿಕ್ಕ ಇಲಿಗಳ ಸಂಖ್ಯೆ ಒಂದೇ ಥರ ಇತ್ತು. ಪೈಪೋಟಿ ಎಂದರೆ ಮೈಮೇಲೆ ಬಿದ್ದು ಓಡಿಸುವುದು ಮಾತ್ರವೇ ಆಗಿದ್ದರೆ, ಓಡಿಸುವವನು ಹೋದ ವಾರದಲ್ಲೇ ಚಿಕ್ಕವು ನುಗ್ಗಬೇಕಿತ್ತು. ತಡವಾದದ್ದು ಆಹಾರದ ಕಡೆ ಬೊಟ್ಟು ಮಾಡುತ್ತದೆ: ತಿನ್ನುವವರು ಕಡಿಮೆಯಾಗಿ, ಬೀಜ ನೆಲದಲ್ಲಿ ಉಳಿದು, ಅದನ್ನು ತಿಂದ ಇಲಿಗಳು ಮರಿ ಹಾಕಿ ನೆಲೆ ನಿಲ್ಲುವುದಕ್ಕೆ ಕಾಲ ಹಿಡಿಯುತ್ತದೆ. ಆಮೇಲೆ ಅಂತರ ತೆರೆಯಿತು. ತಡೆದ ಚೌಕಗಳಲ್ಲಿ ಕಾಳು ತಿನ್ನುವ ಚಿಕ್ಕ ಇಲಿಗಳು ಮುಕ್ತ ಚೌಕಗಳಿಗಿಂತ ಸರಾಸರಿ ಮೂರೂವರೆ ಪಟ್ಟು ಆದವು. 1981ರಲ್ಲಿ ಪ್ರಕಟವಾದ ಫಲಿತಾಂಶ ಇದು. ಕಾಕತಾಳೀಯ ಇರಬಹುದೇ ಎಂಬ ಅನುಮಾನಕ್ಕೆ 1988ರಲ್ಲಿ ಇನ್ನಷ್ಟು ಚೌಕಗಳ ಕಿಂಡಿ ಚಿಕ್ಕದು ಮಾಡಿ ಮತ್ತೆ ನೋಡಿದರು. ಚಿಕ್ಕ ಇಲಿಗಳು ಮತ್ತೆ ಏರಿದವು.

ಒಂದು ಕೊರತೆಯನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಇಪ್ಪತ್ತೈದು ಗುಂಟೆಯ ಚೌಕ ಸುತ್ತಲಿನ ಬಯಲಿಗೆ ಹೋಲಿಸಿದರೆ ಒಂದು ಚುಕ್ಕೆ. ಒಳಗೆ ಕಾಳು ಹೆಚ್ಚಿದೆ ಎಂದು ಹೊರಗಿನ ಇಲಿಗಳು ಕಿಂಡಿ ದಾಟಿ ಬಂದು ನೆಲಸಿದರೂ ಸಂಖ್ಯೆ ಏರುತ್ತದೆ. ಆದ್ದರಿಂದ ‘ಇಡೀ ಕಣಿವೆಯಿಂದ ಕಾಂಗರೂ ಇಲಿ ಮಾಯವಾದರೆ ಚಿಕ್ಕ ಇಲಿ ಮೂರೂವರೆ ಪಟ್ಟಾಗುತ್ತದೆ’ ಎಂದು ಹೇಳುವಂತಿಲ್ಲ. ‘ಆಯ್ಕೆ ಇದ್ದಾಗ ಚಿಕ್ಕ ಇಲಿ ಕಾಂಗರೂ ಇಲಿ ಇಲ್ಲದ ಜಾಗದಲ್ಲಿ ಮೂರೂವರೆ ಪಟ್ಟು ಹೆಚ್ಚು ಸಿಗುತ್ತದೆ’ ಎನ್ನಬಹುದು, ಅಷ್ಟೇ.

ಬೇಟೆಗಾರರ ಕೈವಾಡವೇ?

ಪೈಪೋಟಿಯ ಪ್ರಯೋಗಗಳು ಸಾಮಾನ್ಯವಾಗಿ ಮುಗ್ಗರಿಸುವುದು ಇಲ್ಲೇ. ಚಿಕ್ಕ ಇಲಿ ಹೆಚ್ಚಿದ್ದು ಕಾಳು ಹೆಚ್ಚಿದ್ದರಿಂದ ಅಲ್ಲ, ಒಳಗೆ ಕೊಲ್ಲುವವರು ಕಡಿಮೆ ಆದದ್ದರಿಂದ ಎಂದು ಯಾರಾದರೂ ವಾದಿಸಿದರೆ?

ಗೂಬೆ ಮೇಲಿಂದ ಬರುತ್ತದೆ, ಅದಕ್ಕೆ ಬೇಲಿಯಿಲ್ಲ. ತೋಳದ ಬಳಗದ ಕಾಯೋಟಿಗೆ 60 ಸೆಂಟಿಮೀಟರ್ ಒಂದು ಹೆಜ್ಜೆ. ದಪ್ಪ ಹಾವಿಗೆ ಮಾತ್ರ ಕಿಂಡಿಯ ಅಳತೆ ವ್ಯತ್ಯಾಸ ಮಾಡಬಹುದು: 3.7 × 5.7ರಲ್ಲಿ ನುಗ್ಗುವ ಹಾವು 1.9ರಲ್ಲಿ ನುಗ್ಗಲಾರದು. ಈ ವಾದಕ್ಕೆ ಉತ್ತರ ಕೊಟ್ಟದ್ದು ಮಿಡತೆ ಇಲಿ. ಅದು ಚಿಕ್ಕ ಕಿಂಡಿಯಲ್ಲಿ ಸಲೀಸಾಗಿ ನುಸುಳುತ್ತದೆ, ಜೇಬಿಲಿಗಳಂತೆಯೇ ಗೂಬೆಗೂ ಹಾವಿಗೂ ತುತ್ತಾಗುತ್ತದೆ, ಆದರೆ ಕಾಳನ್ನು ಅವಲಂಬಿಸಿಲ್ಲ. ತಡೆದ ಚೌಕ ಹಾವಿಲ್ಲದ ಸುರಕ್ಷಿತ ತಾಣವಾಗಿದ್ದರೆ ಮಿಡತೆ ಇಲಿಯೂ ಅಲ್ಲಿ ಹೆಚ್ಚಬೇಕಿತ್ತು. ಹೆಚ್ಚಲಿಲ್ಲ. ಕೀಟ ತಿನ್ನುವ ಇಲಿಗಳ ಸಂಖ್ಯೆಯಲ್ಲಿ ಎರಡೂ ಬಗೆಯ ಚೌಕಗಳ ನಡುವೆ ಗಣನೀಯ ಅಂತರ ಕಾಣಲಿಲ್ಲ. ಅದೇ ಉತ್ತರ ಇನ್ನೊಂದು ಸಂಶಯವನ್ನೂ ತೀರಿಸುತ್ತದೆ: ಜೇಬಿಲಿಗಳನ್ನು ಕೊಲ್ಲಬಲ್ಲ ಮಿಡತೆ ಇಲಿ ಎರಡೂ ಕಡೆ ಒಂದೇ ಪ್ರಮಾಣದಲ್ಲಿರುವಾಗ, ಒಂದು ಕಡೆ ಮಾತ್ರ ಜೇಬಿಲಿ ಹೆಚ್ಚಿದ್ದಕ್ಕೆ ಅದು ಕಾರಣವಾಗಲಾರದು.

ಹಾಗೆಂದು ಬೇಟೆಯ ಭಯ ಲೆಕ್ಕಕ್ಕಿಲ್ಲ ಎಂದಲ್ಲ. ಇಷ್ಟು ಜಾತಿಗಳು ಒಟ್ಟಿಗೆ ಬಾಳುವುದರಲ್ಲಿ ಅದರ ಪಾಲು ದೊಡ್ಡದು. ಕಾಂಗರೂ ಇಲಿಯ ತಲೆಬುರುಡೆಯಲ್ಲಿ ಕಿವಿಯ ಗೂಡು ಉಬ್ಬಿ ದೊಡ್ಡದಾಗಿದೆ. ಎರಗುವ ಗೂಬೆಯ ರೆಕ್ಕೆಯ ಮತ್ತು ಹೊಡೆಯುವ ಗಿಲಕಿಹಾವಿನ (ರ‍್ಯಾಟಲ್‌ಸ್ನೇಕ್) ಕೆಳಸ್ವರದ ಸದ್ದನ್ನು ಅದು ಹಿಡಿಯುತ್ತದೆ. ಕೇಳಿದ ಕೂಡಲೇ ಎರಡು ಕಾಲಲ್ಲಿ ಚಿಮ್ಮಿ ಪಾರಾಗುತ್ತದೆ. ಹೀಗಾಗಿ ಪೊದೆಗಳ ನಡುವಿನ ಬಯಲು ಅದಕ್ಕೆ ಒಗ್ಗಿದ ಜಾಗ. ನಾಲ್ಕು ಕಾಲಲ್ಲಿ ಓಡುವ ಜೇಬಿಲಿ, ಕಳ್ಳಿ ಇಲಿಗಳು ಪೊದೆಯ ನೆರಳು ಬಿಟ್ಟು ದೂರ ಹೋಗಲು ಅಂಜುತ್ತವೆ. ಈ ಅಂಜಿಕೆಯನ್ನು ಅಳೆಯುವ ಸುಲಭ ವಿಧಾನವನ್ನು ಅರಿಜೋನಾದ ಟೂಸಾನ್ ನಗರದ ಬಳಿ ಜೋಯಲ್ ಬ್ರೌನ್ ಎಂಬ ಇನ್ನೊಬ್ಬ ಪರಿಸರ ವಿಜ್ಞಾನಿ ಬಳಸಿದರು: ತಟ್ಟೆಯಲ್ಲಿ ಮೂರು ಲೀಟರ್ ಜರಡಿ ಹಿಡಿದ ಮಣ್ಣಿಗೆ 3 ಗ್ರಾಂ ಸಿರಿಧಾನ್ಯ ಬೆರೆಸಿ, ಒಂದು ತಟ್ಟೆ ಪೊದೆಯಡಿ, ಒಂದು ಬಯಲಲ್ಲಿ. ಬೆಳಗ್ಗೆ ಉಳಿದ ಕಾಳು ತೂಗಬೇಕು. ಕಾಳು ಕಡಿಮೆಯಾದಷ್ಟೂ ಹುಡುಕುವ ಕಷ್ಟ ಹೆಚ್ಚು. ಅಪಾಯ ಹೆಚ್ಚೆನಿಸಿದ ತಟ್ಟೆಯನ್ನು ಇಲಿ ಬೇಗ ಬಿಟ್ಟುಹೋಗುತ್ತದೆ, ಕಾಳು ಹೆಚ್ಚು ಉಳಿಯುತ್ತದೆ. ತಟ್ಟೆಯ ಮಣ್ಣಿನ ಮೇಲಿನ ಹೆಜ್ಜೆಗುರುತಿನಿಂದ ಕೊನೆಗೆ ತಿಂದವರು ಯಾರು ಎಂದೂ ಗೊತ್ತಾಗುತ್ತದೆ. ಮಣ್ಣಿನ ಪ್ರಮಾಣ ಒಂದು ತಟ್ಟೆಯಿಂದ ಇನ್ನೊಂದಕ್ಕೆ ಬದಲಾದರೆ ಹುಡುಕುವ ಕಷ್ಟವೂ ಬದಲಾಗಿ ಇಡೀ ಅಳತೆ ಕೆಡುತ್ತದೆ.

ತಲೆ ಎಣಿಕೆ ಸಾಲದು

ಮೂರೂವರೆ ಪಟ್ಟು ಎಂದಾಗ ಹೋದವರ ಜಾಗವನ್ನು ಬಂದವರು ತುಂಬಿದರು ಎನಿಸುತ್ತದೆ. ಕಾಳಿನ ಲೆಕ್ಕ ಬೇರೆ. ಪ್ರಾಣಿಯೊಂದು ದಿನಕ್ಕೆ ಬಳಸುವ ಶಕ್ತಿ ತೂಕಕ್ಕೆ ಸರಿಸಮವಾಗಿ ಏರುವುದಿಲ್ಲ, ತೂಕದ 0.75 ಘಾತಕ್ಕೆ ಏರುತ್ತದೆ: ತೂಕ ಎರಡು ಪಟ್ಟಾದರೆ ಶಕ್ತಿ ಸುಮಾರು 1.7 ಪಟ್ಟಷ್ಟೇ. 43 ಗ್ರಾಂ ಮೆರಿಯಮ್‌ಗೆ ಈ ಅಂಕಿ (ಹೋಲಿಕೆಗಷ್ಟೇ) 16.8. 8 ಗ್ರಾಂಗೆ ತುಸು ಕಡಿಮೆ ಇರುವ ರೇಷ್ಮೆ ಜೇಬಿಲಿಗೆ 4.7. 17 ಗ್ರಾಂ ಮರುಭೂಮಿ ಜೇಬಿಲಿಗೆ 8.4. 120 ಗ್ರಾಂ ಬಾವುಟಬಾಲಕ್ಕೆ 36.3. ಅಂದರೆ ಒಂದು ಮೆರಿಯಮ್‌ನ ಕಾಳು ಮೂರೂವರೆ ರೇಷ್ಮೆ ಜೇಬಿಲಿಗೆ, ಇಲ್ಲವೇ ಎರಡು ಮರುಭೂಮಿ ಜೇಬಿಲಿಗೆ ಸಾಕು. ಒಂದು ಬಾವುಟಬಾಲ ತಿನ್ನುವುದು ಏಳೆಂಟು ರೇಷ್ಮೆ ಜೇಬಿಲಿಯ ಊಟ.

ಲೆಕ್ಕಕ್ಕಾಗಿ ಒಂದು ಚೌಕದಲ್ಲಿ ಆರು ಮೆರಿಯಮ್, ಎರಡು ರೇಷ್ಮೆ ಜೇಬಿಲಿ ಇದ್ದವು ಎಂದುಕೊಳ್ಳಿ. ಮೆರಿಯಮ್‌ಗಳನ್ನು ತೆಗೆದಾಗ ನೂರರಷ್ಟು ಶಕ್ತಿ ಬಿಡುಗಡೆಯಾಯಿತು. ಜೇಬಿಲಿ ಮೂರೂವರೆ ಪಟ್ಟಾಗಿ ಏಳಕ್ಕೆ ಏರಿದರೆ ಹೆಚ್ಚಾದದ್ದು ಐದು, ಅವು ಬಳಸುವುದು 23.5. ಉಳಿದ ಮುಕ್ಕಾಲು ಪಾಲು ಕಾಳು ಇಲಿಗಳ ಹೊಟ್ಟೆಗೆ ಹೋಗಲೇ ಇಲ್ಲ. ಪೋರ್ಟಲ್‌ನಲ್ಲೂ ಮೊದಲ ಎರಡು ದಶಕದ ಕಥೆ ಇದೇ ಬಗೆಯದು: ಚಿಕ್ಕವು ಸಂಖ್ಯೆಯಲ್ಲಿ ಎದ್ದು ಕಂಡವು, ಆದರೆ ಕಾಂಗರೂ ಇಲಿಗಳು ಬಿಟ್ಟುಹೋದ ಶಕ್ತಿಯ ಸಣ್ಣ ಭಾಗವನ್ನಷ್ಟೇ ಬಳಸಿದವು.

ಉಳಿದ ಕಾಳು ಮೊಳೆಯಿತು. 12 ವರ್ಷ ಕಳೆಯುವಷ್ಟರಲ್ಲಿ ತಡೆದ ಚೌಕಗಳಲ್ಲಿ ಎತ್ತರದ ಹುಲ್ಲು ಸುಮಾರು ಮೂರು ಪಟ್ಟಾಗಿತ್ತು. ಹುಲ್ಲುಗಾವಲಿನ ಇಲಿಜಾತಿಗಳು ಬಂದು ಸೇರಿದವು. ಕಾಂಗರೂ ಇಲಿ ದಪ್ಪ ಬೀಜಗಳನ್ನು ಆರಿಸಿ ತಿನ್ನುತ್ತದೆ, ಕೆರೆದು, ತೋಡಿ, ಓಡಾಡಿ ನೆಲವನ್ನು ಸದಾ ಕಲಕುತ್ತದೆ. ಎರಡೂ ನಿಂತದ್ದು ಹುಲ್ಲಿಗೆ ಅನುಕೂಲವಾಯಿತು. ಇರುವೆಗಳ ಕಥೆ ಇನ್ನೂ ತಿರುವುಮುರುವು. ಕಾಳಿಗಾಗಿ ಇಲಿಯೊಡನೆ ಪೈಪೋಟಿಗಿಳಿಯುವ ಇರುವೆ, ಇಲಿ ಹೋದರೆ ಲಾಭ ಪಡೆಯಬೇಕು. ಟೂಸಾನ್ ಬಳಿಯ ಹಿಂದಿನ ಪ್ರಯೋಗದಲ್ಲಿ ಮೊದಲು ಹಾಗೆಯೇ ಆಯಿತು. ವರ್ಷಗಳು ಕಳೆದಂತೆ, ಇಲಿ ತಿನ್ನದೆ ಬಿಟ್ಟ ದಪ್ಪ ಬೀಜದ ಗಿಡಗಳು ಹಬ್ಬಿ, ಸಣ್ಣ ಬೀಜದ ಗಿಡಗಳನ್ನು ಅದುಮಿದವು. ಇರುವೆ ನಂಬಿದ್ದು ಸಣ್ಣ ಬೀಜವನ್ನು. ಎದುರಾಳಿ ಹೋಗಿ ಲಾಭವಾದದ್ದು, ಎದುರಾಳಿ ಹೋದದ್ದರಿಂದಲೇ ಕರಗಿತು.

ಕಾಳು ಸುರಿದರೆ ಪೈಪೋಟಿ ತಣ್ಣಗಾಗುತ್ತದೆಯೇ ಎಂದೂ ನೋಡಿದ್ದುಂಟು. ಕೆಲವು ಚೌಕಗಳಿಗೆ ಹೊರಗಿನಿಂದ ಬೀಜ ತಂದು ಹಾಕಿದರು. ಬಾವುಟಬಾಲದ ಇಲಿ ಹೆಚ್ಚಿತು, ಮೆರಿಯಮ್ ಮತ್ತು ಆರ್ಡ್ ಕಡಿಮೆಯಾದವು. ಹೆಚ್ಚಿನ ಕಾಳನ್ನು ಬಲವಂತನೇ ವಶಪಡಿಸಿಕೊಂಡು, ತನಗಿಂತ ಚಿಕ್ಕ ದಾಯಾದಿಗಳನ್ನು ಹೊರದಬ್ಬಿದ.

ಹಗೇವು ಕೊಳೆತ ವರ್ಷ

ಬಾವುಟಬಾಲದ ಇಲಿ ಮಣ್ಣಿನ ದಿಬ್ಬ ಕಟ್ಟಿ ಅದರೊಳಗಿನ ಕೋಣೆಗಳಲ್ಲಿ ಕಿಲೋಗಟ್ಟಲೆ ಬೀಜ ಕೂಡಿಡುತ್ತದೆ. ನಮ್ಮ ಬಯಲುಸೀಮೆಯ ಹಗೇವಿನ ಕ್ರಮವೇ. ಮೆರಿಯಮ್ ಹಾಗಲ್ಲ, ಅಲ್ಲಲ್ಲಿ ಚಿಕ್ಕ ಚಿಕ್ಕ ಗುಳಿಗಳಲ್ಲಿ ಹುದುಗಿಸುತ್ತದೆ. ಒಂದೇ ಹಗೇವನ್ನು ಕಾಯಬಲ್ಲವನು ಬಲಶಾಲಿಯಾಗಿರಬೇಕು. ಕಾಯಲಾಗದವನು ಹಂಚಿ ಹೂಳಬೇಕು.

1983ರ ಶರತ್ಕಾಲದಲ್ಲಿ ಆ ಭಾಗಕ್ಕೆ ಅಪರೂಪದ ಭಾರೀ ಮಳೆ ಸುರಿಯಿತು. ಹಗೇವಿಗೆ ನೀರಿಳಿದರೆ ಏನಾಗುತ್ತದೆಂದು ನಮ್ಮ ರೈತರಿಗೆ ಹೇಳಿಕೊಡಬೇಕಿಲ್ಲ. ಬಾವುಟಬಾಲದ ಸಂಖ್ಯೆ ಕುಸಿಯಿತು. ಕೂಡಿಟ್ಟ ಬೀಜ ನೆನೆದು ಕೆಟ್ಟದ್ದೇ ಕಾರಣ ಎಂಬುದು ಸಂಶೋಧಕರ ತೀರ್ಮಾನ. ಅದೇ ಮಳೆಯಲ್ಲಿ ಹಂಚಿ ಹೂಳುವವರು ಹಾಗೆ ನೆಲಕಚ್ಚಲಿಲ್ಲ. ಮುಂದಿನ ವರ್ಷಗಳಲ್ಲಿ ಚಳಿಗಾಲದ ಮಳೆ ಹೆಚ್ಚಾಗಿ ಪೊದೆಗಳು ಸುಮಾರು ಮೂರು ಪಟ್ಟು ದಟ್ಟವಾದವು. ಬಯಲು ಬೇಡುವ ಬಾವುಟಬಾಲ ಚೇತರಿಸಿಕೊಳ್ಳದೆ 1990ರ ದಶಕದಲ್ಲಿ ಆ ಜಾಗದಿಂದ ಮರೆಯಾಯಿತು. ಅದನ್ನು ತಡೆಯಲೆಂದೇ ಮಾಡಿದ ನಡು ಅಳತೆಯ ಕಿಂಡಿಗಳು ಅರ್ಥ ಕಳೆದುಕೊಂಡವು. ಯಾರನ್ನು ಹೊರಗಿಡಬೇಕೆಂದು ಬೇಲಿ ಹಾಕಿದರೋ ಅವರೇ ಊರು ಬಿಟ್ಟಿದ್ದರು.

ತಡವಾಗಿ ಬಂದ ಬೈಲಿ

ಪೊದೆ ಹೆಚ್ಚಿದ್ದು ಇನ್ನೊಬ್ಬರಿಗೆ ದಾರಿಯಾಯಿತು. 1995ರಲ್ಲಿ, ಪ್ರಯೋಗಕ್ಕೆ 18 ವರ್ಷ ತುಂಬಿದಾಗ, ಅದುವರೆಗೆ ಅಲ್ಲಿ ಸಿಕ್ಕಿರದ ಬೈಲಿ ಜೇಬಿಲಿ ಬೋನಿಗೆ ಬಿತ್ತು. ತೂಕ ಸುಮಾರು 32 ಗ್ರಾಂ: ಇದ್ದ ಜೇಬಿಲಿಗಳಿಗಿಂತ ಬಹಳ ದೊಡ್ಡದು, ಮೆರಿಯಮ್‌ಗಿಂತ ಚಿಕ್ಕದು. ತೆಳು ಮೈ, ಚೂಪು ತಲೆ, 1.9 ಸೆಂಟಿಮೀಟರ್ ಕಿಂಡಿಯಲ್ಲಿ ತೂರಿಕೊಳ್ಳುತ್ತದೆ. ಮುಕ್ತ ಚೌಕಗಳಲ್ಲಿ ಅದು ಹೆಚ್ಚು ನೆಲೆಯೂರಲಿಲ್ಲ. ತಡೆದ ಚೌಕಗಳಲ್ಲಿ ಕೆಲವೇ ವರ್ಷಗಳಲ್ಲಿ ಮೇಲುಗೈ ಸಾಧಿಸಿತು. 0.75 ಘಾತದ ಲೆಕ್ಕದಲ್ಲಿ ಅದರ ಅಂಕಿ 13.5, ಅಂದರೆ ಮೆರಿಯಮ್‌ನ ಐದನೇ ನಾಲ್ಕು ಭಾಗ. ಎರಡು ದಶಕ ಖಾಲಿ ಬಿದ್ದಿದ್ದ ಶಕ್ತಿಯ ಬಹುಪಾಲನ್ನು ಒಂದೇ ಜಾತಿ ಬಳಸತೊಡಗಿತು. ಜೇಮ್ಸ್ ಬ್ರೌನ್ ಮತ್ತು ಅರ್ನೆಸ್ಟ್ ಇದನ್ನು 2001ರಲ್ಲಿ ಪ್ರಕಟಿಸಿದರು.

ಪ್ರಯೋಗವನ್ನು 1990ರಲ್ಲಿ ಮುಗಿಸಿದ್ದರೆ ‘ಕಾಂಗರೂ ಇಲಿಯ ಜಾಗ ತುಂಬುವವರಿಲ್ಲ’ ಎಂದು ಬರೆದು ಮುಚ್ಚುತ್ತಿದ್ದರು, 2000ದಲ್ಲಿ ಮುಗಿಸಿದ್ದರೆ ‘ಸಮಯ ಕೊಟ್ಟರೆ ತುಂಬುತ್ತಾರೆ’ ಎಂದು. ಎರಡೂ ಆಯಾ ಕಾಲಕ್ಕೆ ನಿಜ. ಇದ್ದ ಜಾತಿಗಳು ಎಷ್ಟು ಮರಿ ಹಾಕಿದರೂ ಆ ಕೆಲಸ ಮಾಡಲಾರದೆ ಹೋದದ್ದು ಅವುಗಳ ಸಂಖ್ಯೆಯ ಕೊರತೆಯಿಂದಲ್ಲ; ಆ ಗಾತ್ರದ, ಆ ಕಾಳನ್ನು ಆ ವೇಗದಲ್ಲಿ ಹೆಕ್ಕಬಲ್ಲ ಇಲಿ ಅಲ್ಲಿ ಇರಲಿಲ್ಲ. ಅದು ಬರಬೇಕಿತ್ತು, ಬರಲು ಪೊದೆ ಬೆಳೆಯಬೇಕಿತ್ತು.

ಬೈಲಿ ಬಂದ ಮೇಲೆ ಮರುಭೂಮಿ ಜೇಬಿಲಿಯ ನಡೆ ತಿರುಗಿತು. ಮೊದಲು ಅದು ಕಾಂಗರೂ ಇಲಿ ಇಲ್ಲದ ಚೌಕಗಳನ್ನೇ ಆರಿಸಿಕೊಳ್ಳುತ್ತಿತ್ತು. ಈಗ ಅಲ್ಲಿ ಬೈಲಿಯ ದರ್ಬಾರು. ಮರುಭೂಮಿ ಜೇಬಿಲಿ ಮುಕ್ತ ಚೌಕಗಳಿಗೆ, ಕಾಂಗರೂ ಇಲಿಗಳ ನಡುವೆಯೇ ಬದುಕಲು ಸರಿಯಿತು. ಕಾಂಗರೂ ಇಲಿಗಿಂತ ಬೈಲಿಯ ಕಾಟ ಅದಕ್ಕೆ ಹೆಚ್ಚಾಗಿತ್ತು ಎಂದಾಯಿತು. ಊಟದಲ್ಲೂ ಗಾತ್ರದಲ್ಲೂ ರೂಢಿಯಲ್ಲೂ ಹತ್ತಿರವಿರುವವರ ನಡುವೆ ಜಗಳ ಜೋರು. ದೂರದ ದೊಡ್ಡವನನ್ನು ಹೇಗೋ ಸಹಿಸಬಹುದು.

ನಡುವೆ 1999ರ ಆಗಸ್ಟ್‌ನಲ್ಲಿ ಇನ್ನೊಂದು ನೆರೆ. ನೆಲದ ಮೇಲೆ ನೀರು ಹಾಸಾಗಿ ಹರಿದು ಬಿಲಗಳಿಗೆ ನುಗ್ಗಿತು. ಎಲ್ಲ ಜಾತಿಗೂ ಪೆಟ್ಟು ಒಂದೇ ಸಮ ಬೀಳಲಿಲ್ಲ: ಅದುವರೆಗೆ ಮೇಲುಗೈ ಇದ್ದ ಕಾಂಗರೂ ಇಲಿಗಳು ಹೆಚ್ಚು ಸತ್ತವು, ಜೇಬಿಲಿಗಳು ಹೆಚ್ಚು ಉಳಿದವು. ಪೈಪೋಟಿಯಲ್ಲಿ ಗೆಲ್ಲುತ್ತಿದ್ದವರನ್ನು ಒಂದೇ ನೆರೆ ಇಳಿಸಿತು.

ಬೈಲಿಯ ದರ್ಬಾರೂ ನಿಲ್ಲಲಿಲ್ಲ. 2010ರ ಆಸುಪಾಸಿನಿಂದ ಅದರ ಸಂಖ್ಯೆ ಕುಸಿಯುತ್ತ ಬಂತು. ತಡೆದ ಚೌಕಗಳಲ್ಲಿ ಶಕ್ತಿಯ ಅಂತರ ಮತ್ತೆ ತೆರೆದುಕೊಂಡಿತು, ಉಳಿದ ಚಿಕ್ಕ ಇಲಿಗಳು ಅದನ್ನು ತುಂಬಲಿಲ್ಲ. 2015ರಲ್ಲಿ ಹಲವು ಚೌಕಗಳ ಪಾತ್ರವನ್ನೇ ಅದಲುಬದಲು ಮಾಡಲಾಯಿತು: ದಶಕಗಳಿಂದ ಮುಕ್ತವಾಗಿದ್ದ ಕೆಲವಕ್ಕೆ ಚಿಕ್ಕ ಕಿಂಡಿ, 1.9 ಸೆಂಟಿಮೀಟರ್ ಕಿಂಡಿ ಇದ್ದ ಕೆಲವಕ್ಕೆ ಮತ್ತೆ 3.7 × 5.7ರ ಕಿಂಡಿ. ಬೇಲಿ ಅದೇ, ಬೋನು ಅವೇ 49, ಎಣಿಕೆ ಎಂದಿನಂತೆ ಅಮಾವಾಸ್ಯೆಗೆ.